ಎಫ್‌ಡಿ ಮುರಿಯಬೇಡಿ

ಮುಂಬೈ ಹತ್ತಿರದ ಡೊಂಬಿವಲಿಯಿಂದ ನಮ್ಮ ಕನ್ನಡ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದಲ್ಲಿರುವುದು ಇಷ್ಟು: ಮಗಳು ಈ ಸಲ ಹತ್ತನೇ ಕ್ಲಾಸಿನ ಪರೀಕ್ಷೆ ಬರೆದಿದ್ದಾಳೆ, ವಿಜ್ಞಾನ ಅಂದರೆ ಇಷ್ಟ. ಅಂಧೇರಿಯ ಕನ್ಸಲ್ಟೆನ್ಸಿಯವರೊಬ್ಬರು 'ಸಮ್ಮರ್ ರಿಸರ್ಚ್ ಪ್ರೋಗ್ರಾಂ' ಇದೆ ಅಂತ ಕರೆದು ಮಾತಾಡಿದ್ದಾರೆ. ಎಂಟು ವಾರ, ಆನ್‌ಲೈನ್, ವಿದೇಶದಲ್ಲಿ ಪಿಎಚ್‌ಡಿ ಮಾಡುತ್ತಿರುವವರ ಮಾರ್ಗದರ್ಶನ, ಕೊನೆಗೆ ಮಗಳ ಹೆಸರಿನಲ್ಲಿ ಒಂದು ಸಂಶೋಧನಾ ಪೇಪರ್ ಪ್ರಕಟವಾಗುವುದು ಗ್ಯಾರಂಟಿ, ಮುಂದೆ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವಾಗ ಉಪಯೋಗಕ್ಕೆ ಬರುತ್ತದಂತೆ. ಫೀಸು ಎರಡೂವರೆ ಲಕ್ಷ. "ಆಫೀಸಿನ ಗೆಳೆಯರ ಮಗ ಹೋದ ವರ್ಷ ಮಾಡಿದ. ನಾವು ಮಾಡಿಸದಿದ್ದರೆ ಮಗಳು ಹಿಂದೆ ಬೀಳುತ್ತಾಳಾ? ಎಫ್‌ಡಿ ಮುರಿಯೋಣ ಅಂತಿದ್ದೇನೆ, ನೀವೇನಂತೀರಿ?"

ಮಾನ್ಯರೇ, ಮುರಿಯಬೇಡಿ.

ದುಡ್ಡು ತಗೊಂಡು ಕಲಿಸುವವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ಕೂತು ಹೇಳಿಕೊಡುವ ಹುಡುಗ ಹುಡುಗಿಯರು ಅವರಲ್ಲೂ ಇದ್ದಾರೆ, ಅವರ ಸಮಯಕ್ಕೂ ಬೆಲೆ ಇದೆ. ಸುತ್ತಮುತ್ತ ಒಂದು ಸೈನ್ಸ್ ಕಾಲೇಜೂ ಇಲ್ಲದ ಊರಿನ ಮಗುವಿಗೆ ಅದರಿಂದ ಪ್ರಯೋಜನ ಆಗಲೂಬಹುದು. ಅಷ್ಟು ಒಪ್ಪುತ್ತೇನೆ. ಆದರೆ 'ಪೇಪರ್ ಗ್ಯಾರಂಟಿ' ಅನ್ನುವ ಮಾತು ಬಂದ ಕೂಡಲೇ ನೀವು ಎದ್ದು ಬರಬೇಕಿತ್ತು. ಸಂಶೋಧನೆ ಅಂದರೆ ಏನು ಸಿಗುತ್ತದೆ ಅಂತ ಗೊತ್ತಿಲ್ಲದೆ ಶುರು ಮಾಡುವ ಕೆಲಸ ಅಲ್ವಾ? ಎಂಟು ವಾರ ಆದಮೇಲೆ ಏನು ಕೈಗೆ ಬರುತ್ತದೆ ಅಂತ ಫೀಸು ಕಟ್ಟುವ ದಿನವೇ ಹೇಳುವವರು ನಿಮ್ಮ ಮಗಳಿಗೆ ಹುಡುಕುವುದಕ್ಕೆ ಏನು ಉಳಿಸಿದರು? ದುಡ್ಡು ಕೊಟ್ಟರೆ ಏನನ್ನಾದರೂ ಪ್ರಕಟಿಸುವ ಜರ್ನಲ್‌ಗಳು ಬೇಕಾದಷ್ಟಿವೆ. ಹದಿನಾರು ವರ್ಷದ ಹುಡುಗಿಗೆ ಅಂಥ ಕಡೆ ಹೆಸರು ಹಾಕಿಸಿಕೊಂಡು ಏನಾಗಬೇಕು?

ಇನ್ನೊಂದು ವಿಷಯ ಆ ಕನ್ಸಲ್ಟೆನ್ಸಿಯವರು ನಿಮಗೆ ಹೇಳಿರಲಿಕ್ಕಿಲ್ಲ. ಅಮೆರಿಕದಲ್ಲಿ ಹೈಸ್ಕೂಲ್ ಮಕ್ಕಳಿಗಾಗಿ ನಡೆಯುವ ಬೇಸಿಗೆ ಸಂಶೋಧನಾ ಶಿಬಿರಗಳಲ್ಲಿ ತುಂಬಾ ಹೆಸರು ಮಾಡಿದ್ದು ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್. 1984ರಲ್ಲಿ ಶುರುವಾಯಿತು, ಈಗ ಅಲ್ಲಿನ ಹೆಸರಾಂತ ವಿಶ್ವವಿದ್ಯಾಲಯ ಎಂಐಟಿಯಲ್ಲಿ ನಡೆಯುತ್ತದೆ, ಆರು ವಾರ. ಆಯ್ಕೆಯಾಗುವುದು ಬಹಳ ಕಷ್ಟ, ಆದರೆ ಆಯ್ಕೆಯಾದ ಮಕ್ಕಳ ಹತ್ತಿರ ಪಾಠಕ್ಕೂ ಊಟ ವಸತಿಗೂ ಹಣ ಕೇಳುವುದಿಲ್ಲ. ನಮ್ಮ ಇಸ್ರೋ 2019ರಿಂದ ನಡೆಸುತ್ತಿರುವ 'ಯುವಿಕಾ'ವೂ ಅಷ್ಟೇ. ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಎರಡು ವಾರ ತಮ್ಮ ಕೇಂದ್ರಗಳಿಗೆ ಕರೆಸಿಕೊಳ್ಳುತ್ತಾರೆ, ಹೋಗಿ ಬರುವ ಖರ್ಚು ಕೂಡ ಅವರದ್ದೇ. ನಿಮ್ಮ ಮಗಳಿಗೆ ಅದು ತಪ್ಪಿಹೋಯಿತು, ಯಾಕೆಂದರೆ ಹೋದ ವರ್ಷ ನಿಮಗೆ ಯಾರೂ ಹೇಳಲಿಲ್ಲ. ಇದಕ್ಕೆ ಆಮೇಲೆ ಬರುತ್ತೇನೆ, ನನ್ನ ಸಿಟ್ಟು ಇರುವುದು ಅಲ್ಲೇ.

ಹತ್ತಿರದ್ದನ್ನು ಮೊದಲು ನೋಡೋಣ. ಡೊಂಬಿವಲಿಯಿಂದ ಕುರ್ಲಾಕ್ಕೆ ಬಂದು ಹಾರ್ಬರ್ ಲೈನ್ ಹಿಡಿದರೆ ಮಾನ್‌ಖುರ್ದ್. ಅಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇದೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅಂದರೆ ಟಿಐಎಫ್‌ಆರ್‌ನ ಅಂಗಸಂಸ್ಥೆ. ಅಂತರರಾಷ್ಟ್ರೀಯ ವಿಜ್ಞಾನ ಒಲಿಂಪಿಯಾಡ್‌ಗಳಿಗೆ ಹೋಗುವ ಭಾರತದ ಮಕ್ಕಳು ಬೇಸಿಗೆಯಲ್ಲಿ ತರಬೇತಿಗೆ ಬರುವುದು ಇಲ್ಲಿಗೇ. ಜಮ್ಮುವಿನಿಂದ, ಕೋಟಾದಿಂದ ರೈಲು ಹತ್ತಿ ಬರುತ್ತಾರೆ. ಮುಂಬೈಯಲ್ಲೇ ಹುಟ್ಟಿ ಬೆಳೆದ ನಮ್ಮ ಎಷ್ಟು ಮಕ್ಕಳು ಆ ಗೇಟು ನೋಡಿದ್ದಾರೆ? ಹನ್ನೊಂದನೇ ಕ್ಲಾಸಿಗೆ ಸೇರಿದಮೇಲೆ ನವೆಂಬರ್‌ನಲ್ಲಿ ಒಲಿಂಪಿಯಾಡ್‌ನ ಮೊದಲ ಹಂತದ ಪರೀಕ್ಷೆ ಇರುತ್ತದೆ, ಹೆಸರು ಕೊಡುವುದಕ್ಕೆ ಮಳೆಗಾಲದಲ್ಲೇ ವಿಚಾರಿಸಿಕೊಳ್ಳಿ. ಪಾಸಾಗದಿದ್ದರೂ ಪರವಾಗಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ಒಂದೊಂದು ಪ್ರಶ್ನೆ ಹಿಡಿದುಕೊಂಡು ವಾರಗಟ್ಟಲೆ ಕೂರಬಹುದು. ಟಿಐಎಫ್‌ಆರ್‌ನವರು 'ಚಾಯ್ ಆ್ಯಂಡ್ ವೈ' ಅಂತ ಭಾನುವಾರದ ಮಾತುಕತೆಯನ್ನು ಜುಹುವಿನ ಪೃಥ್ವಿ ಥಿಯೇಟರ್‌ನಲ್ಲಿ, ನಮ್ಮ ಮಾಟುಂಗಾದ ರುಪಾರೆಲ್ ಕಾಲೇಜಿನಲ್ಲಿ ನಡೆಸಿಕೊಂಡು ಬಂದಿದ್ದಾರೆ. ಟಿಕೆಟ್ ಇಲ್ಲ. ಮಕ್ಕಳು ಎದ್ದು ನಿಂತು ಏನು ಬೇಕಾದರೂ ಕೇಳಬಹುದು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಮಾಟುಂಗಾಕ್ಕೆ ಬರುವ ನಮಗೆ ಅದು ಎಷ್ಟು ದೂರ?

ಪುಣೆಯ ಓದುಗರೂ ಕೇಳಿಸಿಕೊಳ್ಳಿ. ಜಯಂತ ನಾರಳೀಕರ್ 1988ರಲ್ಲಿ ಕಟ್ಟಿದ ಖಗೋಳ ಸಂಶೋಧನಾ ಕೇಂದ್ರ ಐಯುಕಾದಲ್ಲಿ ಪುಣೆಯ ಶಾಲಾಮಕ್ಕಳು ಬೇಸಿಗೆಯಲ್ಲಿ ಒಂದು ವಾರ ಖಗೋಳ ವಿಜ್ಞಾನಿಯ ಜೊತೆ ಕೂತು ಒಂದು ಪ್ರಾಜೆಕ್ಟ್ ಮಾಡುವ ಪದ್ಧತಿಯನ್ನು ಅವರೇ ಹಾಕಿಕೊಟ್ಟರು. ಜಗತ್ತಿಗೆಲ್ಲ ಗೊತ್ತಿದ್ದ ವಿಜ್ಞಾನಿ, ಶಾಲೆಯ ಮಗುವಿಗೆ ಸಮಯ ಇಲ್ಲ ಅನ್ನಲಿಲ್ಲ. ಅದೇ ಆವರಣದಲ್ಲಿ ಅರವಿಂದ ಗುಪ್ತಾ ವರ್ಷಗಟ್ಟಲೆ ಸ್ಟ್ರಾ, ಬೆಂಕಿಪೊಟ್ಟಣ, ಹಳೆ ಸೈಕಲ್ ಟ್ಯೂಬುಗಳಿಂದ ಆಟಿಕೆ ಮಾಡಿ ಮಕ್ಕಳಿಗೆ ಭೌತಶಾಸ್ತ್ರ ತೋರಿಸಿದರು. ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ಆಂಟೆನಾಗಳ ರೇಡಿಯೋ ದೂರದರ್ಶಕ ಇದೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಸುತ್ತಲಿನ ಹಳ್ಳಿ ಶಾಲೆಯ ಮಕ್ಕಳು ತಾವು ಮಾಡಿದ ಪ್ರಯೋಗಗಳನ್ನು ಹೊತ್ತುಕೊಂಡು ಅಲ್ಲಿಗೆ ಬರುತ್ತಾರೆ. ಪುಣೆಯಿಂದ ಮಹಾಬಳೇಶ್ವರಕ್ಕೆ ಹೋಗುವಷ್ಟು ಸಲ ನಾವು ಆ ಕಡೆ ಹೋಗುವುದಿಲ್ಲ.

ಲ್ಯಾಬು ಇಲ್ಲದೆ ಏನು ಸಂಶೋಧನೆ ಅಂತ ನೀವು ಕೇಳಬಹುದು. ನಮ್ಮ ಪತ್ರಿಕೆಯ ಅಚ್ಚಿನ ಕೆಲಸ ನೋಡಿಕೊಳ್ಳುವವರ ಮಗಳು ಥಾಣೆಯಲ್ಲಿ ಓದುತ್ತಾಳೆ. ಅವಳಿಗೆ ಅಪ್ಪ 2005ರ ಜುಲೈ 26ರ ಕತೆ ಹೇಳಿದ್ದರು. ಮುಂಬೈಯವರಿಗೆ ಆ ದಿನ ನೆನಪಿಸಬೇಕಾಗಿಲ್ಲ. ಆವತ್ತು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ, ಅದೇ ಹೊತ್ತಿಗೆ ಕೊಲಾಬಾದಲ್ಲಿ ಸುಮಾರು 73. ಲೋಕಲ್‌ನಲ್ಲಿ ಮುಕ್ಕಾಲು ಗಂಟೆಯ ದಾರಿ ಅದು. ಹಾಗಾದರೆ ನಮ್ಮ ಬಿಲ್ಡಿಂಗ್ ಮೇಲೆ ಎಷ್ಟು ಬೀಳುತ್ತೆ ಅಂತ ಅವಳು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ.

ನೇರ ಬದಿಯ ಎರಡು ನೀರಿನ ಬಾಟಲಿ ತಗೊಂಡು, ಮೇಲಿನ ಭಾಗ ಕತ್ತರಿಸಿ, ಅದನ್ನೇ ಬೋರಲು ಹಾಕಿ ಆಲಿಕೆ ಮಾಡಿದಳು. ಬಾಟಲಿಯ ತಳ ಉಬ್ಬುತಗ್ಗು ಇರುತ್ತದಲ್ಲ, ಅದು ಮುಚ್ಚುವಷ್ಟು ನೀರು ಹಾಕಿ ಅಲ್ಲಿಗೆ ಸೊನ್ನೆ ಅಂತ ಗೆರೆ ಎಳೆದಳು. ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ ಅಂತ ಓದಿ ತಾನೂ ಎಂಟೂವರೆಗೇ ಟೆರೇಸಿಗೆ ಹತ್ತುತ್ತಿದ್ದಳು. ಒಂದು ಬಾಟಲಿ ನೀರಿನ ಟ್ಯಾಂಕಿನ ಪಕ್ಕ, ಇನ್ನೊಂದು ಬಯಲಿನಲ್ಲಿ. ಎರಡರಲ್ಲೂ ಒಂದೇ ಅಳತೆ ಬರಲೇ ಇಲ್ಲ. ಬಾಟಲಿ ಅದಲು ಬದಲು ಮಾಡಿದಳು, ಆಗಲೂ ಟ್ಯಾಂಕಿನ ಪಕ್ಕ ಇಟ್ಟಿದ್ದರಲ್ಲೇ ಕಮ್ಮಿ. ಅಂದರೆ ತಪ್ಪು ಬಾಟಲಿಯದ್ದಲ್ಲ, ಜಾಗದ್ದು. ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತ ದುಪಟ್ಟಾದ ತುಂಡು ಕಟ್ಟಿ ನೋಡುವುದಕ್ಕೆ ಶುರು ಮಾಡಿದ್ದು ಆಗ. ಅವಳ ನೋಟ್‌ಬುಕ್ ನಾನು ನೋಡಿದ್ದೇನೆ. ಮಳೆಗೆ ಶಾಯಿ ಅಲ್ಲಲ್ಲಿ ಹರಡಿದೆ. ಒಂದು ದಿನದ ಮುಂದೆ ಅಳತೆಯ ಜಾಗ ಖಾಲಿ ಬಿಟ್ಟು ಪಕ್ಕದಲ್ಲಿ "ಕಾಗೆ ಬೀಳಿಸಿತು" ಅಂತ ಬರೆದಿದ್ದಾಳೆ. ಹಿಂದಿನ ದಿನದ್ದನ್ನು ನೋಡಿ ಅಂದಾಜಿಗೆ ಒಂದು ಸಂಖ್ಯೆ ತುಂಬಬಹುದಿತ್ತು, ತುಂಬಲಿಲ್ಲ. ಆ ಖಾಲಿ ಜಾಗಕ್ಕಾಗಿ ಅವಳನ್ನು ನಾನು ವಿಜ್ಞಾನಿ ಅಂತ ಕರೆಯುತ್ತೇನೆ. ಖರ್ಚು ಎಷ್ಟಾಯಿತು ಅಂತ ನೀವೇ ಲೆಕ್ಕ ಹಾಕಿ.

ಅದೂ ಬೇಡ, ಕಾಗದ ಪೆನ್ನು ಸಾಕು ಅನ್ನುವುದಕ್ಕೆ ದೇವಳಾಲಿಯ ಕಾಪ್ರೇಕರ್ ಇದ್ದಾರೆ. ಡಹಾಣುವಿನಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್‌ನಲ್ಲಿ ಓದಿ, ಜೀವನಪೂರ್ತಿ ನಾಸಿಕ್ ಹತ್ತಿರ ಶಾಲಾ ಮಾಸ್ತರಾಗಿದ್ದವರು. ಎಲ್ಲವೂ ಒಂದೇ ಅಲ್ಲದ ನಾಲ್ಕು ಅಂಕಿ ತಗೊಳ್ಳಿ, 3524 ಅನ್ನಿ. ಇಳಿಕೆಯಲ್ಲಿ ಬರೆದರೆ 5432, ಏರಿಕೆಯಲ್ಲಿ 2345, ಕಳೆದರೆ 3087. ಅದಕ್ಕೂ ಹಾಗೇ ಮಾಡಿ, 8730ರಲ್ಲಿ 0378 ಕಳೆದರೆ 8352. ಇನ್ನೊಂದು ಸಲ, 8532ರಲ್ಲಿ 2358 ಕಳೆದರೆ 6174. ಇನ್ನು ಮುಂದೆ ಎಷ್ಟು ಸಲ ಮಾಡಿದರೂ 6174. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಇದನ್ನು ಅವರು 1949ರಲ್ಲಿ ಕಂಡುಕೊಂಡರು. ಇವತ್ತು ಪ್ರಪಂಚದ ಗಣಿತದವರೆಲ್ಲ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ನಿಮ್ಮ ಮಗಳಿಗೆ ಮೂರು ಅಂಕಿ, ಐದು ಅಂಕಿಗೆ ಹೀಗೆ ಆಗುತ್ತಾ ನೋಡು ಅಂತ ಹೇಳಿ, ಒಂದು ಮಧ್ಯಾಹ್ನ ಕಳೆಯಲಿ.

ಮಗುವಿಗೆ ಪ್ರಶ್ನೆಯ ಜೊತೆ ಒಬ್ಬ ದೊಡ್ಡವರೂ ಬೇಕು, ಅದು ನಿಜ. 1908ರಲ್ಲಿ ಇದೇ ಮುಂಬೈಯಲ್ಲಿ ಒಬ್ಬ ಹುಡುಗ ತಾನು ಹೊಡೆದ, ಕುತ್ತಿಗೆಯಲ್ಲಿ ಹಳದಿ ಕಲೆಯಿದ್ದ ಗುಬ್ಬಿಯನ್ನು ಹಿಡಿದುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಇದು ಯಾವ ಹಕ್ಕಿ ಅಂತ ಕೇಳುವುದಕ್ಕೆ. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್, ಹೊಟ್ಟೆಪಾಡಿಗೆ ವೈನ್ ವ್ಯಾಪಾರದ ಕಂಪನಿಯಲ್ಲಿದ್ದ ಇಂಗ್ಲಿಷಿನವರು, ಹಕ್ಕಿಯ ಹೆಸರು ಹೇಳಿದ್ದಷ್ಟೇ ಅಲ್ಲ, ಸೊಸೈಟಿಯ ಸಂಗ್ರಹದಲ್ಲಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು, ಓದುವುದಕ್ಕೆ ಪುಸ್ತಕ ಕೊಟ್ಟರು, ಚರ್ಮ ಬಿಡಿಸಿ ಕೆಡದಂತೆ ಇಡುವುದನ್ನು ಕಲಿಯುವ ವ್ಯವಸ್ಥೆ ಮಾಡಿದರು. ಆ ಹುಡುಗನೇ ಮುಂದೆ ದೊಡ್ಡ ಪಕ್ಷಿತಜ್ಞರಾದ ಸಾಲಿಂ ಅಲಿ. ಆ ಸೊಸೈಟಿ ಈಗಲೂ ಫೋರ್ಟಿನ ಹಾರ್ನ್‌ಬಿಲ್ ಹೌಸ್‌ನಲ್ಲಿದೆ.

ಈಗ ನನ್ನ ಸಿಟ್ಟಿನ ವಿಷಯ. ಪ್ರತಿ ಜೂನ್ ಜುಲೈ ಬಂದರೆ ನಮ್ಮ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರ, ಪುಸ್ತಕ ವಿತರಣೆ. ಒಳ್ಳೆಯ ಕೆಲಸವೇ, ನಿಲ್ಲಿಸಿ ಅನ್ನುವುದಿಲ್ಲ. ಆದರೆ ವೇದಿಕೆಯಲ್ಲಿ ಮಗುವಿನ ಪರ್ಸೆಂಟೇಜ್ ಓದುತ್ತಾರೆ, ಶಾಲು ಹೊದಿಸುತ್ತಾರೆ, ಕವರ್ ಕೊಡುತ್ತಾರೆ, ಫೋಟೋ ತೆಗೆಸುತ್ತಾರೆ. ಮಗೂ, ನಿನಗೆ ಏನು ತಿಳಿದುಕೊಳ್ಳಬೇಕು ಅಂತ ಆಸೆ ಅಂತ ಕೇಳಿದ ಒಬ್ಬ ಅಧ್ಯಕ್ಷರನ್ನೂ ನಾನು ಕಂಡಿಲ್ಲ. ಅದೇ ಸಭೆಯ ಮೂರನೇ ಸಾಲಿನಲ್ಲಿ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು ಕೂತಿರುತ್ತಾರೆ. ಅಣುಶಕ್ತಿನಗರದಲ್ಲಿ, ಚೆಂಬೂರಿನಲ್ಲಿ, ಪುಣೆಯ ಪಾಷಾಣ್‌ನಲ್ಲಿ ಇಂಥ ನಮ್ಮವರು ಎಷ್ಟು ಜನ! ಅವರನ್ನು ದೀಪ ಬೆಳಗಿಸುವುದಕ್ಕೆ ಕರೆಯುತ್ತೇವೆ, ಮಕ್ಕಳ ಪಕ್ಕ ಕೂರಿಸುವುದಿಲ್ಲ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗರಿಗಾಗಿ ಫೋರ್ಟಿನಲ್ಲಿ ಕನ್ನಡ ರಾತ್ರಿ ಶಾಲೆ ನಡೆಸಿದ ಸಮಾಜ ಇದು. ಆ ಮಾಸ್ತರುಗಳು ತಮ್ಮ ನೌಕರಿ ಮುಗಿಸಿಕೊಂಡು ಬಂದು ಪಾಠ ಹೇಳುತ್ತಿದ್ದರು. ಅವರ ಮೊಮ್ಮಕ್ಕಳಾದ ನಾವು ಎರಡೂವರೆ ಲಕ್ಷಕ್ಕೆ ಅಂಧೇರಿಯಲ್ಲಿ ಮಾರ್ಗದರ್ಶಕರನ್ನು ಹುಡುಕುತ್ತಿದ್ದೇವೆ.

ಸರ್ಕಾರದ ಮೇಲೂ ದೂರಿದೆ. 1999ರಿಂದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ ಇತ್ತು, ಹನ್ನೊಂದನೇ ಕ್ಲಾಸಿನಿಂದಲೇ ಮಕ್ಕಳನ್ನು ಗುರುತಿಸುತ್ತಿತ್ತು. 2022ರಲ್ಲಿ ಅದನ್ನು ಇನ್‌ಸ್ಪೈರ್ ಅನ್ನುವ ಇನ್ನೊಂದು ಯೋಜನೆಯ ಜೊತೆ ಸೇರಿಸಿ ಪರೀಕ್ಷೆಯನ್ನೇ ನಿಲ್ಲಿಸಿದರು. ಶಾಲೆಗಳು ಇನ್ನೊಂದು ಕತೆ. ಯುವಿಕಾದ ಸುತ್ತೋಲೆ, ಮಕ್ಕಳ ವಿಜ್ಞಾನ ಸಮಾವೇಶದ ಸುತ್ತೋಲೆ ಆಫೀಸಿನ ಫೈಲಿಗೆ ಹೋಗುತ್ತದೆ, ಕ್ಲಾಸಿಗೆ ಬರುವುದಿಲ್ಲ. ಕೋಚಿಂಗ್ ಕ್ಲಾಸಿನ ಪಾಂಪ್ಲೆಟ್ ಮಾತ್ರ ಗೇಟಿನಲ್ಲೇ ಕೈಗೆ ಸಿಗುತ್ತದೆ.

ನೀವು ಒಳ್ಳೆಯ ತಂದೆ, ಅದು ಪತ್ರದ ಸಾಲು ಸಾಲಿನಲ್ಲೂ ಗೊತ್ತಾಗುತ್ತದೆ. ಆದರೆ ಒಂದು ಮಾತು ಹೇಳಲೇಬೇಕು. ಎರಡು ಪುಟದ ಪತ್ರದಲ್ಲಿ ಫೀಸು ಇದೆ, ಗೆಳೆಯರ ಮಗ ಇದ್ದಾನೆ, ಅಮೆರಿಕದ ಕಾಲೇಜುಗಳಿವೆ. ಮಗಳಿಗೆ ವಿಜ್ಞಾನದಲ್ಲಿ ಏನು ಇಷ್ಟ ಅನ್ನುವುದು ಎಲ್ಲೂ ಇಲ್ಲ. ಹಕ್ಕಿಯಾ, ನಕ್ಷತ್ರವಾ, ಲೆಕ್ಕವಾ? ಕೇಳಿ ನೋಡಿ. ನಮ್ಮಲ್ಲಿ ಹತ್ತನೇ ಪರೀಕ್ಷೆ ಮುಗಿದು ಹನ್ನೊಂದಕ್ಕೆ ಸೇರುವಷ್ಟರಲ್ಲಿ ತಿಂಗಳುಗಳು ಸುಮ್ನೆ ಹೋಗುತ್ತವೆ, ಸಮಯಕ್ಕೇನೂ ಕೊರತೆ ಇಲ್ಲ.

ಪ್ರಶ್ನೆ ಸಿಕ್ಕಿದಮೇಲೆ ಅವಳೇ ಒಬ್ಬ ವಿಜ್ಞಾನಿಗೆ ಇಮೇಲ್ ಬರೆಯಲಿ. ಸಂಸ್ಥೆಗಳ ವೆಬ್‌ಸೈಟಿನಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಅಂತ ಇರುತ್ತದೆ. ಹತ್ತು ಸಾಲು ಸಾಕು: ನಾನು ಇಂಥವಳು, ಇದನ್ನು ನೋಡಿದೆ, ಹೀಗೆ ಅಳೆದೆ, ಇಲ್ಲಿಗೆ ಬಂದು ನಿಂತಿದ್ದೇನೆ, ಮುಂದೆ ಏನು ಓದಲಿ? ಸರ್ಟಿಫಿಕೇಟುಗಳನ್ನು ಲಗತ್ತಿಸುವುದು ಬೇಡ. ಒಂದೇ ಪತ್ರವನ್ನು ಐವತ್ತು ಜನಕ್ಕೆ ಕಳಿಸುವುದಂತೂ ಬೇಡವೇ ಬೇಡ, ಓದಿದ ಕೂಡಲೇ ಗೊತ್ತಾಗುತ್ತದೆ. ಜಾಸ್ತಿ ಜನ ಉತ್ತರ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳದೆ ಇನ್ನೊಬ್ಬರಿಗೆ ಬರೆಯಲಿ.

ಲ್ಯಾಬುಗಳಲ್ಲಿ ಕೆಲಸ ಮಾಡಿದ, ಮಾಡುತ್ತಿರುವ ಓದುಗರಿಗೂ ಒಂದು ಕೋರಿಕೆ. ವಾರಕ್ಕೆ ಒಂದು ಗಂಟೆ ಒಬ್ಬ ಮಗುವಿಗೆ ಕೊಡಬಲ್ಲಿರಾದರೆ ವಿಷಯ, ಊರು, ಬಿಡುವಿನ ದಿನ ಬರೆದು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಹೆಸರುಗಳನ್ನು ಸೇರಿಸಿಟ್ಟುಕೊಂಡು ಕೇಳಿದ ಮಕ್ಕಳಿಗೆ ತಿಳಿಸುವ ಕೆಲಸ ನಮ್ಮದು. ಡೊಂಬಿವಲಿಯವರ ಮಗಳದ್ದೇ ಮೊದಲ ಹೆಸರಾಗಲಿ. ಆದರೆ ಮುಂದಿನ ಪತ್ರ ಅವಳೇ ಬರೆಯಬೇಕು. ಕನ್ನಡ ಬರೆಯುವುದಕ್ಕೆ ಬರದಿದ್ದರೆ ಮರಾಠಿಯಲ್ಲಿ ಬರೆದರೂ ಸರಿ, ನಾವು ಓದುತ್ತೇವೆ.