ಪುಕ್ಕಟೆ ಇಸ್ಪೀಟಿನ ಎದುರು ಮಾರಾಟದ ಇಸ್ಪೀಟು

ಪ್ರಶ್ನೆ: ವಿಂಡೋಸ್ ಜೊತೆಗೇ ಸಾಲಿಟೇರ್ ಎಂಬ ಒಬ್ಬರೇ ಆಡುವ ಇಸ್ಪೀಟಾಟ ಪುಕ್ಕಟೆಯಾಗಿ ಸಿಗುತ್ತಿದ್ದ ಕಾಲದಲ್ಲಿ, ಅದೇ ಬಗೆಯ ಆಟವನ್ನು ಹಣಕ್ಕೆ ಮಾರಲು ಹೊರಟ ‘ಗುಡ್‌ಸಾಲ್’ ಎಂಬ ಪುಟ್ಟ ಸಂಸ್ಥೆ ಹೇಗೆ ಉಳಿದುಕೊಂಡಿತು?

ಉತ್ತರ: ಪುಕ್ಕಟೆ ಆಟವೇ ಅದಕ್ಕೆ ಗಿರಾಕಿಗಳನ್ನು ತಯಾರು ಮಾಡಿಕೊಟ್ಟಿತು ಎಂಬುದು ನನ್ನ ಎಣಿಕೆ. 1990ರಲ್ಲಿ ವಿಂಡೋಸ್ 3.0 ಜೊತೆಗೆ ಬಂದ ಸಾಲಿಟೇರ್, ಇಸ್ಪೀಟಿನ ಕಟ್ಟನ್ನು ಕೈಯಲ್ಲಿ ಹಿಡಿಯದವರಿಗೂ ಒಂಟಿಯಾಗಿ ಎಲೆ ಜೋಡಿಸುವ ಚಟ ಹಚ್ಚಿತು. ಆದರೆ ಅದರಲ್ಲಿದ್ದುದು ಕ್ಲಾಂಡೈಕ್ ಎಂಬ ಒಂದೇ ಆಟ. 1995ರಲ್ಲಿ ವಿಂಡೋಸ್ 95 ಫ್ರೀಸೆಲ್ ಎಂಬ ಇನ್ನೊಂದು ಒಂಟಿ ಆಟವನ್ನೂ ಸೇರಿಸಿಕೊಂಡು ಬಂದಿತು. ಅದೇ ವರ್ಷ ಗುಡ್‌ಸಾಲ್ ಸ್ಥಾಪಿಸಿದ ಅಮೆರಿಕದ ಥಾಮಸ್ ವಾರ್‌ಫೀಲ್ಡ್ ‘ಪ್ರೆಟಿ ಗುಡ್ ಸಾಲಿಟೇರ್’ ಬಿಡುಗಡೆ ಮಾಡಿದರು. ‘ಸುಮಾರಾಗಿ ಚೆನ್ನಾಗಿದೆ’ ಎಂದು ತನ್ನ ಹೆಸರಿನಲ್ಲೇ ಹೇಳಿಕೊಳ್ಳುವ ಸರಕು ಬೇರೊಂದಿದೆಯೋ ಇಲ್ಲವೋ!

ಮಾರಾಟದ ಕ್ರಮ ಶೇರ್‌ವೇರ್‌ನದು. ಗಿರಾಕಿ ಮೊದಲು ಆಡಿ ನೋಡುತ್ತಾನೆ, ಹಿಡಿಸಿದರೆ ಹಣ ಕಟ್ಟುತ್ತಾನೆ. ಡಬ್ಬಿ ಮುದ್ರಿಸಿ ಅಂಗಡಿಗಳ ಕಪಾಟು ತುಂಬಿಸುವ ಬಂಡವಾಳವಿಲ್ಲದ ಪ್ರಕಾಶಕನಿಗೆ ಇದಕ್ಕಿಂತ ಒಪ್ಪುವ ದಾರಿ ಆಗ ಇರಲಿಲ್ಲ.

ಆದರೂ ಗುಡ್‌ಸಾಲ್‌ನ ನಿಜವಾದ ಬಲವಿದ್ದುದು ಆಟಗಳ ವೈವಿಧ್ಯದಲ್ಲಿ. ಎಷ್ಟು ಕಟ್ಟು, ಎಷ್ಟು ಸಾಲು, ಕೆಂಪಿನ ಮೇಲೆ ಕಪ್ಪು ಇಡಬೇಕೋ ಅಥವಾ ಒಂದೇ ಜಾತಿಯ ಎಲೆಗಳನ್ನೇ ಇಳಿಸುತ್ತ ಹೋಗಬೇಕೋ, ಖಾಲಿ ಸಾಲಿಗೆ ಏನು ಬರಬಹುದು ಎಂಬ ನಿಯಮಗಳಲ್ಲಿ ಒಂದು ಬದಲಾದರೂ ಆಟದ ಸ್ವಭಾವವೇ ಬದಲಾಗುತ್ತದೆ. ವಾರ್‌ಫೀಲ್ಡ್ ಹಳೆಯ ಆಟಗಳನ್ನು ಕಂಪ್ಯೂಟರಿಗೆ ತಂದದ್ದಲ್ಲದೆ ತಾವೇ ಹೊಸವನ್ನೂ ಕಟ್ಟಿದರು. ಅವರ ‘ಡೀಮನ್ಸ್ ಅಂಡ್ ಥೀವ್ಸ್’ ನೋಡಿ. ಬ್ರಿಟನ್ನಿನಲ್ಲಿ ಡೀಮನ್ ಎನ್ನುವ ಕ್ಯಾನ್‌ಫೀಲ್ಡನ್ನೂ ‘ನಲವತ್ತು ಕಳ್ಳರು’ ಎಂಬ ಅರ್ಥದ ಫಾರ್ಟಿ ಥೀವ್ಸನ್ನೂ ಹೀಗೆ ಎರಡು ಹಳೆಯ ಆಟಗಳನ್ನು ಬೆಸೆದು ಮಾಡಿದ ಆಟವದು. ಕೆಲವು ಸಾಲುಗಳಲ್ಲಿ ಕಪ್ಪು ಇಸ್ಪೀಟ್ (ಸ್ಪೇಡ್) ಜಾತಿಯ ಒಂಬತ್ತರ ಮೇಲೆ ಕೆಂಪು ಆಟೀನಿನ ಎಂಟು ಸಲ್ಲುತ್ತದೆ, ಉಳಿದ ಸಾಲುಗಳಲ್ಲಿ ಅದೇ ಇಸ್ಪೀಟ್ ಜಾತಿಯ ಎಂಟೇ ಬೇಕು. ಒಂದು ಎಲೆಯನ್ನು ಎತ್ತುವ ಮೊದಲು ಎರಡು ನಿಯಮಗಳಲ್ಲಿ ಯೋಚಿಸಬೇಕಾಗುತ್ತದೆ. ಇದಕ್ಕೆ ಬೇಕಾದ ಎರಡು ಕಟ್ಟಿನ 104 ಎಲೆಗಳನ್ನು ಮೇಜಿನ ಮೇಲೆ ಕಲೆಸಿ ಹರಡುವ ಹೊತ್ತಿಗೆ ಆಡುವ ಉತ್ಸಾಹವೇ ಇಂಗಿಹೋದೀತು; ಕಂಪ್ಯೂಟರು ಅದನ್ನು ಕ್ಷಣದಲ್ಲಿ ಮಾಡಿ, ತಪ್ಪು ನಡೆಯನ್ನೂ ತಡೆಯುತ್ತದೆ.

ಹೀಗೆ ಬೆಳೆದ ಆಟಗಳ ಸಂಖ್ಯೆ ಇಂದು ಸಾವಿರ ದಾಟಿದೆ. ಬಿಲ್ಲೆಗಳ ಆಟವಾದ ಮಜಾಂಗ್‌ನಂಥ ಒಂದೆರಡು ಸರಕುಗಳನ್ನು ಬಿಟ್ಟರೆ ಸಂಸ್ಥೆ ಇಸ್ಪೀಟಿನ ಕಸುಬನ್ನು ಬಿಟ್ಟು ಅತ್ತಿತ್ತ ಹೋಗಲಿಲ್ಲ. ಅತ್ತ ಮೈಕ್ರೋಸಾಫ್ಟ್ 2012ರ ವಿಂಡೋಸ್ 8ರಲ್ಲಿ ಹಳೆಯ ಸಾಲಿಟೇರನ್ನು ಕೈಬಿಟ್ಟು, ಬೇಕಾದವರು ಬೇರೆಯಾಗಿ ಇಳಿಸಿಕೊಳ್ಳುವ ಸಂಗ್ರಹವೊಂದನ್ನು ತಂದಿತು. ಅದರ ನಡುನಡುವೆ ಜಾಹೀರಾತು ಬರುತ್ತವೆ. ಅವು ಬೇಡವೆಂದರೆ ಅಲ್ಲಿಯೂ ಹಣ ಕಟ್ಟಬೇಕು.