ಟ್ರೈಕೋಡರ್ಮಾ ಹಾಕಿದರೆ ಸವಳು ಹೋಗುತ್ತದೆಯೇ?

ಪ್ರಶ್ನೆ: ತುಂಗಭದ್ರಾ ಎಡದಂಡೆ ಅಚ್ಚುಕಟ್ಟಿನ ನಮ್ಮ ಹೊಲ ಸವಳಾಗಿದೆ. ಬೇಸಿಗೆಯಲ್ಲಿ ಬಿಳಿ ಉಪ್ಪು ಮೇಲೇಳುತ್ತದೆ. ಉಪ್ಪು ಸಹಿಸುವ ಟ್ರೈಕೋಡರ್ಮಾ ಹಾಕಿದರೆ ಎರಡೇ ಬೆಳೆಯಲ್ಲಿ ನೆಲ ಸರಿಹೋಗುತ್ತದೆ ಎನ್ನುತ್ತಾರೆ ಅಂಗಡಿಯವರು. ನಿಜವೇ?
– ರೈತರು, ಸಿಂಧನೂರು ತಾಲ್ಲೂಕು

ಉತ್ತರ: ಸುಳ್ಳು. ಮುಂಗಾರು ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಅಷ್ಟರಲ್ಲಿ ಪೊಟ್ಟಣಗಳು ಮಾರಾಟವಾಗಿರುತ್ತವೆ. ಟ್ರೈಕೋಡರ್ಮಾ ಬೆಳೆಯ ರೋಗ ತಡೆಯಲು ಮಣ್ಣಿಗೆ ಹಾಕುವ ಶಿಲೀಂಧ್ರ. ಉಪ್ಪು ಸಹಿಸುವ ತಳಿ ತನ್ನ ಕೋಶದೊಳಗೆ ಗ್ಲಿಸರಾಲ್‌ನಂಥ ವಸ್ತುಗಳನ್ನು ಕೂಡಿಟ್ಟು ನೀರು ಹೊರಹೋಗದಂತೆ ತಡೆದು ಬದುಕುತ್ತದೆ. ಹೊಲದ ಉಪ್ಪು ಇದ್ದಲ್ಲೇ ಇರುತ್ತದೆ.

ಹಾಗಾದರೆ ಅದೇಕೆ ಬೇಕು? ಉಪ್ಪಿನ ನೆಲದಲ್ಲಿ ಬಳಲಿದ ಬೇರಿಗೆ ಸೊರಗು ರೋಗ, ಬುಡ ಕೊಳೆ ಬೇಗ ತಗಲುತ್ತವೆ. ಅಲ್ಲಿ ಸಾಮಾನ್ಯ ಟ್ರೈಕೋಡರ್ಮಾ ತಳಿಯ ಬೆಳವಣಿಗೆಯೇ ಕುಂಟುತ್ತದೆ. ಸಹಿಸುವ ತಳಿಯಾದರೆ ಬೇರಿನ ಸುತ್ತ ನೆಲೆಯೂರಿ, ರೋಗದ ಶಿಲೀಂಧ್ರಕ್ಕೆ ಸುತ್ತಿಕೊಂಡು, ಕೈಟಿನೇಸ್ ಕಿಣ್ವದಿಂದ ಅದರ ಗೋಡೆ ಕರಗಿಸುತ್ತದೆ. ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಸಿಎಸ್‌ಆರ್-ಬಯೋ ಎಂಬ ಜೈವಿಕ ಮಿಶ್ರಣದಲ್ಲಿ ಬ್ಯಾಸಿಲಸ್ ಬ್ಯಾಕ್ಟೀರಿಯಾಗಳ ಜೊತೆ ಟ್ರೈಕೋಡರ್ಮಾ ಇರುವುದೂ ಇಂಥ ನೆಲದ ಬೆಳೆಗಾಗಿಯೇ.

ನೆಲದ ಚಿಕಿತ್ಸೆ ಬೇರೆ. ಬರೀ ಸವಳಾದರೆ, ಅಂದರೆ ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದ್ದರೆ, ಹೊಲದಲ್ಲಿ ಸಿಹಿನೀರು ನಿಲ್ಲಿಸಿ ಉಪ್ಪನ್ನು ಬಸಿಗಾಲುವೆಗೆ ಇಳಿಸಬೇಕು. ಬಸಿಗಾಲುವೆ ಇಲ್ಲದೆ ನೀರು ನಿಲ್ಲಿಸಿದರೆ ಸವಳಿನ ಜೊತೆ ಜವಳೂ (ನೀರು ಬಸಿಯದೆ ನೆಲ ಕೆಡುವುದು) ಸೇರುತ್ತದೆ. ರಸಸಾರ (ಪಿಎಚ್) 8.5 ದಾಟಿ, ಮಣ್ಣಿನಲ್ಲಿ ಸೋಡಿಯಂ ಹೆಚ್ಚಿರುವ ಕರ್ಲು ಭೂಮಿಯಾದರೆ ಮೊದಲು ಜಿಪ್ಸಂ. ಎಷ್ಟು ಎಂದು ಮಣ್ಣು ಪರೀಕ್ಷೆಯ ವರದಿ ನೋಡದೆ ನಾನು ಹೇಳುವುದಿಲ್ಲ, ಫೋನಿನಲ್ಲಿ ಎಷ್ಟೇ ಒತ್ತಾಯಿಸಿದರೂ.

ಇಷ್ಟಾದ ಮೇಲೆ ಟ್ರೈಕೋಡರ್ಮಾ. 100 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 1ರಿಂದ 2 ಕಿಲೋ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ, ಆಗಾಗ ತಿರುವಿಹಾಕುತ್ತ 15 ದಿನ ಇಟ್ಟು ಬೇರಿನ ವಲಯಕ್ಕೆ ಕೊಡಿ. ಒಣ ಹೊಲದಲ್ಲಿ ಬರೀ ಪುಡಿ ಎರಚಬೇಡಿ. ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ತಯಾರಿಕೆಯ ದಿನಾಂಕ, ಗ್ರಾಂಗೆ ಕನಿಷ್ಠ 20 ಲಕ್ಷ ಜೀವಂತ ಕಣಗಳ ಖಾತರಿ ಇರಬೇಕು. ‘ಉಪ್ಪು ಸಹಿಸುವ ತಳಿ’ ಎಂದು ಮುದ್ರಿಸಿದ್ದರೆ ಎಷ್ಟು ಉಪ್ಪಿನಲ್ಲಿ ಪರೀಕ್ಷಿಸಿದ್ದಾರೆ ಎಂದು ಕೇಳಿ. ಉತ್ತರ ಬಾರದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಪ್ರಶ್ನೆ: ಕಡಲೆ ಬೀಜಕ್ಕೆ ಶಿಲೀಂಧ್ರನಾಶಕ ಕಾರ್ಬೆಂಡಜಿಮ್ ಮತ್ತು ಟ್ರೈಕೋಡರ್ಮಾ ಒಟ್ಟಿಗೆ ಲೇಪಿಸಬಹುದೇ?

ಉತ್ತರ: ಬೇಡ. ನೆಂಟರನ್ನು ಕರೆದು ಊಟಕ್ಕೆ ವಿಷ ಬಡಿಸಿದಂತಾಗುತ್ತದೆ.

ಪ್ರಶ್ನೆ: ಟ್ರೈಕೋಡರ್ಮಾವನ್ನು ಉಪ್ಪುನೀರಿನಲ್ಲಿ ನೆನೆಸಿ ಅಭ್ಯಾಸ ಮಾಡಿಸಬಹುದೇ?

ಉತ್ತರ: ವಿಡಿಯೊ ನೋಡುವುದನ್ನು ಕಡಿಮೆ ಮಾಡಿ.

ಪ್ರಶ್ನೆ: ಒಂದು ಪೊಟ್ಟಣ ಕೊಂಡು ಬೆಲ್ಲದ ನೀರಿನ ಡ್ರಮ್ಮಿನಲ್ಲಿ ವರ್ಷವಿಡೀ ಬೆಳೆಸಿಕೊಳ್ಳಬಹುದೇ?

ಉತ್ತರ: ಏನೋ ಒಂದು ಬೆಳೆಯುತ್ತದೆ. ಅದು ಯಾವುದೆಂದು ಬಣ್ಣ ನೋಡಿ ನಾನೂ ಹೇಳಲಾರೆ, ನಿಮಗೆ ಡ್ರಮ್ ಮಾರಿದವರೂ ಹೇಳಲಾರರು.