ನೆಟ್‌ವರ್ಕ್ ಸಿಗದ ಕಡೆ ಫೋನ್ ದಾರಿ ತೋರಿಸುತ್ತಾ?

ಚಿಂಚೋಳಿಗೆ ವರ್ಗವಾಗಿದೆ, ಬೈಕಿನಲ್ಲಿ ಹಳ್ಳಿ ಸುತ್ತಬೇಕು, ನೆಟ್‌ವರ್ಕ್ ಬಂದು ಹೋಗುತ್ತದೆ, ಫೋನಿಗೆ ಜಿಪಿಎಸ್ಸೂ ಮ್ಯಾಪೂ ಹಾಕಿಸಿಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ಜಿಪಿಎಸ್ ಹಾಕಿಸಬೇಕಿಲ್ಲ ರೀ. ಸ್ಮಾರ್ಟ್‌ಫೋನ್ ಅಂದಮೇಲೆ ಅದು ಒಳಗೇ ಇರುತ್ತದೆ. ಮ್ಯಾಪ್ ಮಾತ್ರ ನೀವು ಇಳಿಸಿಕೊಳ್ಳಬೇಕು.

ನಾನು ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವವನು. ಅಂಗಡಿ ಕಲಬುರಗಿಯಲ್ಲಿ, ಕೆಲಸವೆಲ್ಲ ಹೊಲದಲ್ಲಿ. ಒಮ್ಮೆ ಮಳೆಗಾಲದ ಸಂಜೆ ನಿಮ್ಮ ಚಿಂಚೋಳಿ ಕಾಡಿನ ಅಂಚಿನಲ್ಲೇ ದಾರಿ ತಪ್ಪಿದೆ. ಮ್ಯಾಪ್ ತೆಗೆದರೆ ಪರದೆ ತುಂಬ ಬೂದು ಬಣ್ಣ, ನಡುವೆ ಒಂದು ನೀಲಿ ಚುಕ್ಕೆ. ಕೆಸರಿನಲ್ಲಿ ಬೈಕ್ ತಳ್ಳಿಕೊಂಡು ನೂರು ಹೆಜ್ಜೆ ಹೋದೆ. ಚುಕ್ಕೆಯೂ ಸರಿಯಿತು! ಅಂದ್ರೆ ನಾನು ಎಲ್ಲಿದ್ದೇನೆ ಅಂತ ಫೋನಿಗೆ ಗೊತ್ತು, ಆ ಊರಿನ ನಕಾಶೆ ಮಾತ್ರ ಅದರ ಹತ್ತಿರ ಇಲ್ಲ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಮೇಲಿನಿಂದ ತಾವೆಲ್ಲಿದ್ದೇವೆ, ಸಮಯವೆಷ್ಟು ಅಂತ ಸಾರುತ್ತಲೇ ಇರುತ್ತವೆ. ಫೋನ್ ಸುಮ್ನೆ ಕೇಳಿಸಿಕೊಳ್ಳುತ್ತದೆ, ರೇಡಿಯೋ ಥರ. ನಾಲ್ಕು ಉಪಗ್ರಹ ಸಿಕ್ಕರೆ ಲೆಕ್ಕ ಹಾಕಿ ನಿಮ್ಮ ಜಾಗ ಹೇಳುತ್ತದೆ. ಸಿಮ್ಮೂ ಬೇಡ, ಡೇಟಾವೂ ಬೇಡ. ಡೇಟಾ ಇದ್ದರೆ ಯಾವ ಉಪಗ್ರಹ ಎಲ್ಲಿದೆ ಅನ್ನುವ ಮಾಹಿತಿ ಬೇಗ ಸಿಗುತ್ತದೆ, ಇಲ್ಲದಿದ್ದರೆ ಅದನ್ನೂ ಉಪಗ್ರಹದಿಂದಲೇ ಪಡೆಯಬೇಕು, ಒಮ್ಮೊಮ್ಮೆ ಕೆಲವು ನಿಮಿಷ ಹಿಡಿಯುತ್ತದೆ. ಅದಕ್ಕೇ ನಾನು ಮನೆ ಬಿಡುವ ಮುಂಚೆ ಡೇಟಾ ಆನ್ ಇಟ್ಟು ಒಮ್ಮೆ ಮ್ಯಾಪ್ ತೆಗೆಯುತ್ತೇನೆ.

ಗೂಗಲ್ ಮ್ಯಾಪ್ಸ್‌ನಲ್ಲಿ ಮೇಲಿರುವ ನಿಮ್ಮ ಫೋಟೋ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಚೌಕದೊಳಗೆ ತಾಲೂಕು ಕೂಡಿಸಿ ಡೌನ್‌ಲೋಡ್ ಕೊಡಿ. ಚೌಕ ಸ್ವಲ್ಪ ದೊಡ್ಡದೇ ಇರಲಿ, ತೆಲಂಗಾಣದ ಗಡಿ ಅಲ್ಲೇ ಪಕ್ಕದಲ್ಲಿದೆ. ಇದಕ್ಕೆ ಅವಧಿ ಇರುತ್ತದೆ, ಆಗಾಗ ವೈಫೈ ಸಿಕ್ಕಾಗ ಅಪ್‌ಡೇಟ್ ಮಾಡಿ. ನೆಟ್ ಇಲ್ಲದಾಗ ಗಾಡಿ ದಾರಿ ಮಾತ್ರ ತೋರಿಸುತ್ತದೆ, ನಡೆಯುವ ದಾರಿ ಕೊಡಲ್ಲ. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನುವ ಇನ್ನೊಂದು ಆ್ಯಪ್. ಪುಕ್ಕಟೆ, ಜಾಹೀರಾತಿಲ್ಲ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕಾಶೆ ಬಳಸುತ್ತದೆ. ಜನರೇ ಬರೆದು ಸೇರಿಸುವ ನಕಾಶೆ ಅದು, ಹಾಗಾಗಿ ಒಂದು ಊರಿನಲ್ಲಿ ಬಂಡಿದಾರಿಯೂ ಇರುತ್ತದೆ, ಇನ್ನೊಂದರಲ್ಲಿ ಏನೂ ಇರಲ್ಲ.

ಹುಡುಕುವಾಗ ಹೆಸರಿನ ಕಾಟ ಇದ್ದದ್ದೇ. ನಾವು ಸುರಪುರ ಅಂದರೆ ಇಂಗ್ಲಿಷಿನಲ್ಲಿ ಶೋರಾಪುರ. ಗುಲ್ಬರ್ಗಾ 2014ರಲ್ಲೇ ಕಲಬುರಗಿ ಆಯಿತು, ಆದ್ರೂ ಹಳೇ ಹೆಸರು ಅಲ್ಲಲ್ಲಿ ಉಳಿದಿದೆ. ಒಂದು ಹೆಸರಿಗೆ ಸಿಗದಿದ್ದರೆ ಇನ್ನೊಂದು ಹಾಕಿ ನೋಡಿ.

ಊರೊಳಗಿನ ದಾರಿ ಕಷ್ಟವಲ್ಲ, ಹೊಲದ ದಾರಿಯೇ ಕಷ್ಟ. ಮೊದಲ ಸಲ ಯಾರನ್ನಾದರೂ ಕೇಳಿಕೊಂಡೇ ಹೋಗಿ. ತಲುಪಿದ ಮೇಲೆ ನೀಲಿ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿದು, ಜಾಗಕ್ಕೆ ಹೆಸರು ಕೊಟ್ಟು ಉಳಿಸಿಕೊಳ್ಳಿ. ನನ್ನ ಫೋನಿನಲ್ಲಿ ‘ಬೇವಿನ ಗಿಡದ ಬೋರು’, ‘ಮುರುಕು ಸೇತುವೆ, ಬಲಕ್ಕೆ’ ಅಂತೆಲ್ಲ ಇವೆ. ಆ ಬೇವಿನ ಗಿಡ ಕಡಿದು ಎರಡು ವರ್ಷ ಆಯಿತು, ತೊಗರಿ ಎದೆಮಟ್ಟ ಬೆಳೆದಾಗ ಬೋರೂ ಕಾಣಲ್ಲ. ನಾನು ಮಾತ್ರ ಸೀದಾ ಅದರ ಮುಂದೆಯೇ ಹೋಗಿ ಗಾಡಿ ನಿಲ್ಲಿಸುತ್ತೇನೆ.